ಮುನಿವೆಂಕಟಪ್ಪ ತಳಿಯಲ್ಲಿ ಕೈ ನೆನೆಸಿದ್ದು

ಹೊಸೂರಿನ ಸುತ್ತಮುತ್ತ ಹೆಣ್ಣು ನೋಡಲು ಹೋದವರು ಉಣ್ಣುವುದೊಂದನ್ನು ಬಿಟ್ಟು ಏನು ಬೇಕಾದರೂ ಮಾಡಬಹುದು. ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು, ಗೋಡೆಯ ಮೇಲಿನ ಫೋಟೋ ತೋರಿಸಿ ಇವರು ಬದುಕಿದ್ದಾರೋ ಇಲ್ಲವೋ ಎಂದು ವಿಚಾರಿಸಬಹುದು. ಆದರೆ ಎಲೆಯ ಮುಂದೆ ಕೂತು ಸಾರಿಗೆ ಕೈ ಹಾಕಿದರೆ ಸಂಬಂಧ ಒಪ್ಪಿಗೆಯಾಯಿತು ಎಂದೇ ಲೆಕ್ಕ. ಇದಕ್ಕೆ ಕೈ ನೆನೆಸುವುದು ಎನ್ನುತ್ತಾರೆ. ತಮಿಳು ಮಾತಾಡುವವರಿಗೂ ತೆಲುಗು ಮಾತಾಡುವವರಿಗೂ ಇದೇ ಕಾನೂನು. ಅದರಲ್ಲೂ ಹುಡುಗನ ತಂದೆಯ ಕೈ ನೆನೆಯಿತೆಂದರೆ ಮುಗಿಯಿತು, ಇನ್ನು ಛತ್ರ ನೋಡುವುದೊಂದೇ ಬಾಕಿ.

ಇಂಥ ಸೀಮೆಯಲ್ಲಿ ದೇವರು ಮುನಿವೆಂಕಟಪ್ಪನಿಗೆ ಅಂಥ ಹಸಿವನ್ನು ಕೊಡಬಾರದಾಗಿತ್ತು.

ಮುನಿವೆಂಕಟಪ್ಪ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನುಷ್ಯ ಸಾಧು. ಅವನಿಗೆ ಜಗಳ ಗೊತ್ತಿಲ್ಲ, ಚಾಡಿ ಗೊತ್ತಿಲ್ಲ, ಮುದ್ದೆ ಗೊತ್ತು. ಕ್ಯಾಂಟೀನಿನವರು ಈ ವಾರ ಮುನಿವೆಂಕಟಪ್ಪ ಯಾವ ಶಿಫ್ಟು ಎಂದು ಕೇಳಿಕೊಂಡೇ ಎಸರಿಗೆ ನೀರಿಡುತ್ತಿದ್ದರು. ಇವನ ಹಸಿವಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಹೋದ ವರ್ಷ ಮಗ ವೇಣುವಿಗೆ ಹೆಣ್ಣು ನೋಡಲು ಡೆಂಕಣಿಕೋಟೆಗೆ ಹೋಗುವವರೆಗೆ.

ಅಲ್ಲಿ ಹಿರಿಯರು ಇನ್ನೂ ಜಗಲಿಯಲ್ಲಿ ಕೂತು ನಿಮ್ಮ ಮನೆದೇವರು ಯಾವುದು ಎಂದು ಕೇಳಿಕೊಳ್ಳುತ್ತಿದ್ದರು. ಒಳಗಿನಿಂದ ಹಿತಕಿದ ಅವರೆಬೇಳೆ ಸಾರಿನ ವಾಸನೆ ಬಂತು. ಮುನಿವೆಂಕಟಪ್ಪ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದ. ಹೆಂಡತಿ ಮುನಿರತ್ನಮ್ಮ ಹುಡುಕಿಕೊಂಡು ಹೋದಾಗ ಅವನು ಎರಡನೆಯ ಮುದ್ದೆ ಮುರಿಯುತ್ತಿದ್ದ. ಅದೇ ಹೊತ್ತಿಗೆ ಹುಡುಗಿ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನನಗೆ ಈ ಮದುವೆ ಬೇಡವೆಂದು ಅಳುತ್ತಿದ್ದಳು. ಉಂಡದ್ದನ್ನು ವಾಪಸು ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಆ ಒಪ್ಪಿಗೆಯನ್ನು ಬಿಡಿಸಿಕೊಳ್ಳಲು ಎರಡೂ ಕಡೆಯ ಹಿರಿಯರು ಕೂತು, ಮುನಿವೆಂಕಟಪ್ಪ ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ, ಎಲ್ಲರ ಎದುರು ಕೈಮುಗಿಯಬೇಕಾಯಿತು. ಆಮೇಲೆ ವೇಣುವಿಗೆ ಸಂಬಂಧಗಳು ಬರುವುದೇ ನಿಂತುಹೋಯಿತು.

ಹಾಗಾಗಿ ತಳಿ ಎಂಬ ಊರಿನ ಕಡೆಯ ಒಂದು ಹಳ್ಳಿಯಿಂದ ಚಿನ್ನಪ್ಪ ಎನ್ನುವವರ ಮಗಳ ಜಾತಕ ಬಂದಾಗ ಮುನಿರತ್ನಮ್ಮ ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

“ನೋಡಿ, ಈ ಸಲಾನೂ ಮೂಗು ಅರಳಿಸ್ಕೊಂಡು ಅಡುಗೆಮನೆ ಕಡೆ ಹೋದ್ರೆ, ನಾನು ಅಲ್ಲಿಂದ ಅಲ್ಲಿಗೇ ತವರಿಗೆ ಹೊಂಟೋಗ್ತೀನಿ. ಮಗನಿಗೆ ಮೂವತ್ತು ದಾಟೈತೆ. ಇದೂ ತಪ್ಪೋದ್ರೆ ಅವನ ಕಥೆ ಮುಗೀತು.”

“ನಾನೇನು ಮಗುವಾ ರತ್ನಾ?”

“ಮಗೂ ಆಗಿದ್ರೆ ಬಿಸ್ಕತ್ತು ಕೊಟ್ಟು ಸುಮ್ನಿರಿಸ್ಬೋದಿತ್ತು. ಕೇಳಿಸ್ಕೊಳ್ಳಿ. ಎಲ್ಲಾ ಮಾತು ಮುಗ್ದು, ನಮ್ಗೂ ಒಪ್ಪಿಗೆ ಅವ್ರಿಗೂ ಒಪ್ಪಿಗೆ ಆದ್ಮ್ಯಾಲೆ ನಾನು ಮೂಗುತಿ ಮುಟ್ಕೊಂತೀನಿ. ಮೂಗುತಿ ಮುಟ್ಟೋಗಂಟ ಎಲೆ ಕಡೆ ತಿರುಗೂ ನೋಡ್ಬಾರ್ದು. ಮುಟ್ಟಿದ್ಮ್ಯಾಲೆ ಎಷ್ಟಾರಾ ಉಣ್ಣಿ.”

ಮುನಿವೆಂಕಟಪ್ಪ ದೇವರ ಮೇಲೆ ಆಣೆ ಇಟ್ಟ. ತನ್ನ ಮನಸ್ಸಿನ ಮೇಲೆ ಅವನಿಗೆ ಪೂರ್ತಿ ನಂಬಿಕೆಯಿತ್ತು, ಹೊಟ್ಟೆಯ ಮೇಲೆ ಎಳ್ಳಷ್ಟೂ ಇರಲಿಲ್ಲ. ಆಣೆ ಇಟ್ಟದ್ದು ಬಾಯಿ, ಅದಕ್ಕೆ ಹೊಟ್ಟೆ ಹೇಗೆ ಜವಾಬ್ದಾರಿಯಾಗುತ್ತದೆ? ಯೋಚಿಸಿ ಯೋಚಿಸಿ, ಬೀದಿಯ ಕೊನೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ ರಘುನಾಥನ ಹತ್ತಿರ ಹೋದ.

“ರಘು, ಹಸಿವು ಆಗ್ದಿರಂಗೆ ಏನಾರಾ ಮಾತ್ರೆ ಐತಾ?”

ರಘುನಾಥನಿಗೆ ಆಘಾತವಾಯಿತು. ಅವನು ಅಂಗಡಿ ಇಟ್ಟಾಗಿನಿಂದ ಜನ ಹಸಿವು ಆಗಲೆಂದೇ ಟಾನಿಕ್ ಕೇಳುತ್ತಿದ್ದರು. ಅದರಲ್ಲೂ ಮುನಿವೆಂಕಟಪ್ಪನ ಬಾಯಲ್ಲಿ ಈ ಮಾತು! ಆದರೂ ವ್ಯಾಪಾರಿ ವ್ಯಾಪಾರಿಯೇ. ಒಂದು ಡಬ್ಬಿ ತೆಗೆದಿಟ್ಟ.

“ಮಾತ್ರೆ ಎಲ್ಲಾ ಬೇಡಣ್ಣಾ. ಇದು ಇಸಬ್‌ಗೋಲ್. ಬರೀ ನಾರ್ಚತ್ತು.”

“ನಾರ್ಚತ್ತು ಅಂದ್ರೆ?”

“ನಾರು ಅಣ್ಣಾ. ಸೊಪ್ಪು, ಕಾಳು, ಹಣ್ಣಿನ ಸಿಪ್ಪೇಲಿ ಇರ್ತದಲ್ಲ, ಅದೇ. ನಮ್ಮ ಹೊಟ್ಟೆ ಅದನ್ನ ಅರಗಿಸೋಕೆ ಆಗಲ್ಲ. ನೀರು ಹೀರ್ಕೊಂಡು ಊದ್ಕೊಳ್ತದೆ, ಜಾಗ ಹಿಡ್ಕೊಂಡು ಕೂತ್ಕೊಳ್ತದೆ, ಬೇಗ ಇಳಿಯಲ್ಲ. ಹೊಟ್ಟೆ ತುಂಬ್ತು ಸಾಕು ಅಂತ ತಲೆಗೆ ಸುದ್ದಿ ಹೋಗ್ತದೆ. ಆಮೇಲೆ ಊಟ ಮಾಡಿದ್ರೂ ಸ್ವಲ್ಪಕ್ಕೇ ನಿಲ್ತದೆ.”

“ಉಣ್ದೇನೇ ಸಾಕು ಅಂತ ಸುದ್ದಿ ಹೋಗ್ತದಾ?” ಮುನಿವೆಂಕಟಪ್ಪ ಬೆಚ್ಚಿಬಿದ್ದ. ಅವನ ತಲೆಗೆ ಅಂಥ ಸುದ್ದಿ ಉಂಡ ಮೇಲೂ ಸರಿಯಾಗಿ ತಲುಪಿದ್ದಿಲ್ಲ.

“ಹೋಗ್ತದೆ. ಒಂದು ಚಮಚ, ದೊಡ್ಡ ಲೋಟದ ತುಂಬ ನೀರು. ಅಷ್ಟೇ. ಜಾಸ್ತಿ ಮಾಡ್ಬೇಡಿ.”

ರಘುನಾಥ ಒಳ್ಳೆಯವನು. ಭಾನುವಾರ ಹೆಣ್ಣು ನೋಡಲು ಹೋಗುತ್ತಾರೆಂದು ತಿಳಿದು ತನ್ನ ಕಾರನ್ನೂ ಕೊಟ್ಟ. ಅವನ ತಪ್ಪು ಒಂದೇ, ಅವನು ಸಣಕಲನಾಗಿದ್ದದ್ದು. ಇಂಥ ಕಡ್ಡಿ ದೇಹದವನು ಒಂದು ಚಮಚ ಎಂದರೆ ಅದು ಅವನ ಅಳತೆ, ನನ್ನ ಅಳತೆ ಬೇರೆ ಎಂದು ಮುನಿವೆಂಕಟಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಭಾನುವಾರ ಬೆಳಿಗ್ಗೆ ಎದ್ದವನೇ ಚೊಂಬಿನಲ್ಲಿ ನೀರು ಹಿಡಿದು, ಡಬ್ಬಿಯನ್ನು ಬಗ್ಗಿಸಿ, ಗಟಗಟ ಕುಡಿದ. ಸ್ನಾನವಾದ ಮೇಲೆ ಇನ್ನೊಂದು ಚೊಂಬು. ನಾರು ಎಂದರೆ ಎಲ್ಲ ನಾರೂ ಒಂದೇ ತಾನೇ ಎಂದು ನೆನೆಹಾಕಿದ್ದ ಕಾಮಕಸ್ತೂರಿ ಬೀಜವನ್ನೂ ನುಂಗಿದ. ಹೊರಡುವ ಮುಂಚೆ ಸೀಬೆಹಣ್ಣುಗಳನ್ನು ಬೀಜದ ಸಮೇತ ತಿಂದ. ಅದರ ಮೇಲೆ, ಯಾವುದಕ್ಕೂ ಇರಲಿ ಎಂದು, ಮತ್ತೊಂದು ಚೊಂಬು. ಉಳಿದ ಡಬ್ಬಿಯನ್ನು ಜುಬ್ಬದ ಜೇಬಿಗೆ ಇಳಿಸಿದ.

ಮತ್ತಿಗಿರಿಯ ಹತ್ತಿರ ರಸ್ತೆ ಬದಿಯಲ್ಲಿ ಬೋಂಡ ಕರಿಯುತ್ತಿದ್ದರು. ವೇಣು ರೂಢಿಯಂತೆ ಕಾರು ನಿಧಾನ ಮಾಡಿದ. ಮುನಿವೆಂಕಟಪ್ಪ ಆ ಕಡೆ ನೋಡಿ, “ಹೋಗ್ಲಿ ನಡಿಯಲಾ” ಎಂದ. ವೇಣು ಬ್ರೇಕ್ ಒತ್ತಿಬಿಟ್ಟ. ಮುನಿರತ್ನಮ್ಮ ಗಾಬರಿಯಿಂದ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

“ಆಣೆ ಅಂದ್ರೆ ಆಣೆ” ಎಂದ ಮುನಿವೆಂಕಟಪ್ಪ ಗಂಭೀರವಾಗಿ. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ಅವನನ್ನು ಗೌರವದಿಂದ ನೋಡಿದಳು.

ಚಿನ್ನಪ್ಪ ಎಲೆಕೋಸು, ಗುಲಾಬಿ ಬೆಳೆಯುವ ರೈತ. ಮನೆ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಒಳಗೆ ಥಳಥಳ ಹೊಳೆಯುವ ಸೋಫಾ. ಚಿನ್ನಪ್ಪನ ಹೆಂಡತಿ ಕಮಲಮ್ಮ ಹಸನ್ಮುಖಿ. ಕಮಲಮ್ಮನ ತಮ್ಮ ಮೂರ್ತಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಸೋದರಮಾವನೆಂದರೆ ಹಾಗೆ ನಿಲ್ಲಬೇಕೆಂದು ಅವನಿಗೆ ಯಾರೋ ಹೇಳಿದ್ದರು.

ಹುಡುಗಿ ಚಂದ್ರಲೇಖಾ ಕಾಫಿ ತಂದಳು. ಹೊಸೂರಿನ ಒಂದು ಕಂಪನಿಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ. ಅವಳು ಲೋಟವನ್ನೇ ನೋಡುತ್ತಿದ್ದಳು, ವೇಣು ಫ್ಯಾನನ್ನೇ ನೋಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಈ ಕಾಲದಲ್ಲೂ ಇಷ್ಟು ನಾಚಿಕೆಯ ಮಕ್ಕಳು ಇದ್ದಾರಲ್ಲ ಎಂದು ಮುನಿರತ್ನಮ್ಮನ ಕಣ್ಣು ತುಂಬಿಬಂತು.

ಮಾತು ನಡೆಯಿತು. ಒಳಗಿನಿಂದ ಅದೇ ಹಿತಕಿದ ಅವರೆಬೇಳೆ ಸಾರಿನ ವಾಸನೆ ಬಂತು. ಹಿಂದೆಯೇ ಒಬ್ಬಟ್ಟಿನ ತುಪ್ಪದ ವಾಸನೆ. ಮುನಿರತ್ನಮ್ಮ ಗಂಡನ ಜುಬ್ಬದ ತುದಿಯನ್ನು ಭದ್ರವಾಗಿ ಹಿಡಿದುಕೊಂಡಳು. ಅದರ ಅಗತ್ಯವೇ ಇರಲಿಲ್ಲ. ಮುನಿವೆಂಕಟಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಈ ವರ್ಷದ ಎಲೆಕೋಸಿನ ಬಗ್ಗೆ ವಿಚಾರಿಸುತ್ತಿದ್ದ. ತನ್ನನ್ನು ತಾನು ಗೆದ್ದ ಮನುಷ್ಯನ ಕಳೆ ಅವನ ಮುಖದಲ್ಲಿತ್ತು. ಮಾತು ಮನೆದೇವರಿಂದ ಛತ್ರದವರೆಗೆ ಬೆಳೆದು, ಎಲ್ಲರಿಗೂ ಎಲ್ಲವೂ ಒಪ್ಪಿಗೆಯಾಗುವಾಗ ಮೂರು ಗಂಟೆ ದಾಟಿತ್ತು.

“ಹಂಗಾರೆ ಎದ್ದೇಳಿ ಅಣ್ಣಾ” ಎಂದರು ಚಿನ್ನಪ್ಪ ನಗುತ್ತಾ. “ನಾಕೂವರೆಗೆ ರಾಹುಕಾಲ ಬರ್ತದೆ. ಅಷ್ಟ್ರೊಳಗೆ ನೀವು ಕೈ ನೆನ್ಸಿಬುಟ್ರೆ ಬಾಯ್ತುಂಬಾ ಬೀಗ್ರೇ ಅಂತ ಕರೀತೀನಿ.”

ಮುನಿರತ್ನಮ್ಮ ಸಂತೋಷದಿಂದ ಮೂಗುತಿ ಮುಟ್ಟಿಕೊಂಡಳು. ಮುನಿವೆಂಕಟಪ್ಪ ಎದ್ದ. ಎದ್ದ ಮೇಲೇ ಅವನಿಗೆ ಗೊತ್ತಾದದ್ದು, ಹೊಟ್ಟೆಯಲ್ಲಿ ಯಾರೋ ಸಿಮೆಂಟು ಕಲಸಿ ಸುರಿದು ಹೋದ ಹಾಗಿದೆ ಎಂದು.

ಎಲೆ ಹಾಕಿದರು. ಮುದ್ದೆ, ಸಾರು, ಕೋಸಂಬರಿ, ಪಾಯಸ, ತಟ್ಟೆಯಗಲದ ಒಬ್ಬಟ್ಟು. ಹುಡುಗನ ತಂದೆ ಮೊದಲು ಕೈ ಹಾಕಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಮುನಿವೆಂಕಟಪ್ಪ ಮುದ್ದೆಯ ಕಡೆ ಕೈ ಚಾಚಿದ. ಕೈ ಎಲೆಯವರೆಗೂ ಹೋಗಿ ನಿಂತಿತು. ಮುದ್ದೆಯನ್ನು ನೋಡಿದರೆ ಗಂಟಲು ಮುಚ್ಚಿಕೊಂಡಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ತಲೆಗೆ ‘ಸಾಕು’ ಎನ್ನುವ ಸುದ್ದಿ ತಲುಪಿತ್ತು. ಬೇಡವೆಂದರೂ ಮತ್ತೆ ಮತ್ತೆ ತಲುಪುತ್ತಿತ್ತು.

ಕೈ ವಾಪಸು ಬಂತು.

ಮುನಿರತ್ನಮ್ಮ ತನ್ನ ಸನ್ನೆ ಕಾಣಲಿಲ್ಲವೇನೋ ಎಂದು ಮತ್ತೆ ಮೂಗುತಿ ಮುಟ್ಟಿಕೊಂಡಳು. ಮುನಿವೆಂಕಟಪ್ಪ ತಲೆತಗ್ಗಿಸಿದ. ಅವಳು ಕೆಮ್ಮಿ, ಮೂಗನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಬಡಿಸುತ್ತಿದ್ದ ಕಮಲಮ್ಮ ಇದನ್ನು ನೋಡಿದರು. ಕೈಯಲ್ಲಿದ್ದ ಸೌಟು ನಿಂತುಹೋಯಿತು. ಹುಡುಗನ ತಾಯಿ ಮೂಗು ಮುಚ್ಚಿಕೊಂಡಿದ್ದಾಳೆ!

“ಯಾಕಕ್ಕಾ? ಸಾರು ಹಳಸೋಗೈತಾ? ಈಗ್ ತಾನೆ ಇಳಿಸಿದ್ದು ಕಣಕ್ಕಾ!”

“ಅಯ್ಯೋ ಇಲ್ಲಮ್ಮಾ, ಘಮ್ ಅಂತೈತೆ” ಎಂದಳು ಮುನಿರತ್ನಮ್ಮ ಮೂಗು ಬಿಡದೆ.

ಚಿನ್ನಪ್ಪನ ಮುಖ ಬಾಡಿತು. ಮೂರ್ತಿ ಬಾಗಿಲು ಬಿಟ್ಟು ಒಳಗೆ ಬಂದ. ಒಪ್ಪಿದವರು ಯಾಕೆ ಉಣ್ಣುತ್ತಿಲ್ಲ? ಏನೋ ಗೊತ್ತಾಗಿದೆ. ಯಾರೋ ಏನೋ ಹೇಳಿದ್ದಾರೆ. ಈ ಅನುಮಾನ ಆ ಮನೆಯ ಮೂರು ತಲೆಗಳಲ್ಲೂ ಒಂದೇ ಗಳಿಗೆಗೆ ಹುಟ್ಟಿತು. ಮೂವರೂ ಬೇರೆ ಬೇರೆ ಗುಟ್ಟು ಇಟ್ಟುಕೊಂಡಿದ್ದರು.

ಮೊದಲು ಒಡೆದುಹೋದದ್ದು ಕಮಲಮ್ಮ. ಸೌಟನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿಮ್ಗೆ ಯಾರೇಳಿದ್ರೋ ನಂಗೊತ್ತಿಲ್ಲ ಅಣ್ಣಾ. ನಿಜ. ಒಬ್ಬಟ್ಟು ನನ್ ಮಗಳು ಮಾಡಿದ್ದಲ್ಲ. ಹೊಸೂರಿಂದ ತರ್ಸಿದ್ದು. ಅವಳಿಗೆ ಒಬ್ಬಟ್ಟು ತಟ್ಟೋಕೆ ಬರಲ್ಲ. ಮುದ್ದೆ ಕಟ್ಟಿದ್ರೂ ಗಂಟು ಗಂಟಾಗ್ತದೆ!”

ಮುನಿವೆಂಕಟಪ್ಪ ದಂಗಾದ. ಅಂಗಡಿಯ ಒಬ್ಬಟ್ಟಿನಿಂದಲ್ಲ, ಅಷ್ಟು ದೊಡ್ಡ ಒಬ್ಬಟ್ಟು ಎದುರಿಗಿದ್ದೂ ತಾನು ತಿನ್ನಲಾಗುತ್ತಿಲ್ಲವಲ್ಲ ಎಂದು. ಅವನ ಮೌನ ಚಿನ್ನಪ್ಪನನ್ನು ಇನ್ನಷ್ಟು ಹೆದರಿಸಿತು.

“ಸೋಫಾ ವಿಷ್ಯಾನೂ ಗೊತ್ತಾಗೋಯ್ತಾ ಅಣ್ಣಾ?” ಎಂದರು ಕುಗ್ಗಿದ ಸ್ವರದಲ್ಲಿ. “ನಮ್ದಲ್ಲ. ಮೂರ್ತಿ ಮನೇದು. ಬೆಳಿಗ್ಗೆ ಟ್ರಾಕ್ಟರಲ್ಲಿ ತಂದ್ವಿ. ಆ ಟೀವೀನೂ ಅಷ್ಟೇ, ಅದಕ್ಕೆ ವೈರು ಹಾಕಿಲ್ಲ.”

ಎಲ್ಲರೂ ಟೀವಿಯ ಕಡೆ ನೋಡಿದರು. ನಿಜವಾಗಿಯೂ ವೈರು ಇರಲಿಲ್ಲ.

“ನೀವು ಸುಮ್ಕಿರಿ ಭಾವ!” ಎಂದು ಮೂರ್ತಿ ಗುಡುಗಿದ. “ಇವ್ರಿಗೆ ಗೊತ್ತಾಗಿರೋದು ಬಸ್ಸಿನ ವಿಷ್ಯ. ಹೌದು ಕಣಣ್ಣಾ, ನನ್ ಸೊಸೆ ಶಿಫ್ಟ್ ಬಸ್ಸಲ್ಲಿ ಒಬ್ಬನ ಕೆನ್ನೆಗೆ ಬಾರಿಸಿದ್ಲು. ಅವನು ಕಾಲು ತುಳೀತಾ ನಿಂತಿದ್ನಂತೆ. ಒಂದೇ ಏಟು. ಮುಂದಿನ ಸ್ಟಾಪಲ್ಲಿ ಇಳ್ಕೊಂಡೋಗ್ಬುಟ್ಟ. ಇದ್ರಲ್ಲಿ ಏನ್ ತಪ್ಪೈತೆ?”

ಮುನಿರತ್ನಮ್ಮ ಹೌಹಾರಿದಳು. ಆದರೆ ಅವಳಿಗೂ ಒಂದು ಮನಸ್ಸಾಕ್ಷಿಯಿತ್ತು. ಅವರು ಇಷ್ಟೆಲ್ಲ ಬಿಚ್ಚಿ ಹೇಳುವಾಗ ತಾನು ಸುಮ್ಮನೆ ಕೂರುವುದು ಹೇಗೆ? “ಅಯ್ಯೋ ಬಿಡಿ, ನಮ್ ಕಾರೂ ನಮ್ದಲ್ಲ” ಎಂದುಬಿಟ್ಟಳು. “ಮೆಡಿಕಲ್ ಶಾಪಿನೋನ್ದು. ಈ ಸೀರೇನೂ ನನ್ ತಂಗೀದು.”

ಎರಡು ಮನೆಗಳ ಮರ್ಯಾದೆಯೂ ಎಲೆಗಳ ನಡುವೆ ಹೀಗೆ ಹರಡಿಕೊಂಡಿದ್ದಾಗ, ಮುನಿವೆಂಕಟಪ್ಪನ ಹೊಟ್ಟೆಯ ಆಳದಿಂದ ಏನೋ ಹೊರಟಿತು. ಅವನು ತಡೆಯಲು ನೋಡಿದ. ಆಗಲಿಲ್ಲ. ಉದ್ದನೆಯ, ತೃಪ್ತಿಯ, ಹಬ್ಬದೂಟ ಮುಗಿಸಿದವನ ತೇಗೊಂದು ಮನೆಯೆಲ್ಲ ಕೇಳಿಸುವಂತೆ ಹೊರಬಿತ್ತು.

ಉಣ್ಣುವ ಮುಂಚೆ ತೇಗಿದ ಮನುಷ್ಯನನ್ನು ಅಲ್ಲಿದ್ದ ಯಾರೂ ನೋಡಿರಲಿಲ್ಲ.

ಮೂರ್ತಿಯ ಕಣ್ಣು ಅಗಲವಾಯಿತು. “ಅಕ್ಕಾ! ಇವ್ರು ಉಂಡ್ಕೊಂಡು ಬಂದವ್ರೆ! ಬೆಳಿಗ್ಗೇನೇ ಇನ್ನೊಂದು ಹೆಣ್ಣಿನ ಮನೇಲಿ ಕೈ ನೆನ್ಸಿಬುಟ್ಟು, ಇಲ್ಲಿ ಸುಮ್ಕೆ ನೋಡೋಕೆ ಬಂದವ್ರೆ!”

“ಇಲ್ಲ ಕಣಪ್ಪಾ...” ಎಂದ ಮುನಿವೆಂಕಟಪ್ಪ.

“ಏನ್ ಇಲ್ಲ? ಡೆಂಕಣಿಕೋಟೆ ಕಥೆ ನಮ್ಗೆ ಗೊತ್ತಿಲ್ವಾ? ಅಲ್ಲಿ ಒಪ್ಪದೇನೇ ಉಂಡ್ರಿ. ಇಲ್ಲಿ ಒಪ್ಪಿದ್ಮ್ಯಾಲೂ ಉಣ್ಣಲ್ಲ ಅಂತೀರಿ. ನಿಮ್ಗೆ ನ್ಯಾಯ ನೀತಿ ಐತಾ?”

ಕಮಲಮ್ಮ ಗೋಡೆಗೆ ಒರಗಿದರು. ಚಿನ್ನಪ್ಪ ಮೆಲ್ಲಗೆ ಎದ್ದು, “ಬೇಡ ಮೂರ್ತಿ, ಬಂದೋರನ್ನ ಬೈಬ್ಯಾಡ. ಋಣ ಇಲ್ಲ ಅಂದ್ಮ್ಯಾಲೆ ಏನ್ ಮಾಡೋಕಾಗ್ತದೆ” ಎಂದರು. ಆ ಮಾತು ಮುನಿವೆಂಕಟಪ್ಪನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಉಂಡು ಒಂದು ಸಂಬಂಧ ಕೆಡಿಸಿದ್ದ. ಉಣ್ಣದೆ ಇನ್ನೊಂದನ್ನು ಕೆಡಿಸುತ್ತಿದ್ದ. ಮಗನ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ವೇಣು ಎದ್ದು ನಿಂತ. ಮುಖ ಕೆಂಪಾಗಿತ್ತು. “ಯಾವ ಮನೇಲೂ ಉಂಡಿಲ್ಲ! ಇನ್ನೊಂದು ಹೆಣ್ಣು ನೋಡೋಕೆ ನಾನು ಯಾಕೆ ಹೋಗ್ಲಿ? ನಾನೂ ಚಂದ್ರಾನೂ ಒಂದೇ ಶಿಫ್ಟ್ ಬಸ್ಸಲ್ಲಿ ಹೋಗೋದು. ಆರು ತಿಂಗ್ಳು ಆಯ್ತು ನಾವು ಒಪ್ಕೊಂಡು! ಇವಳ ಜಾತ್ಕ ನಮ್ಮನೆಗೆ ಬರಂಗೆ ಮಾಡ್ದೋನೂ ನಾನೇ!”

ಈ ಸಲ ಮುನಿರತ್ನಮ್ಮ ಗೋಡೆಗೆ ಒರಗಿದಳು. ಒರಗಲು ಹತ್ತಿರವಿದ್ದ ಗೋಡೆ ಒಂದೇ ಆದ್ದರಿಂದ ಇಬ್ಬರು ತಾಯಂದಿರೂ ಅಕ್ಕಪಕ್ಕ ನಿಂತರು.

“ಅಯ್ಯೋ ಇವಳ ನಾಚ್ಕೆ ನೋಡಿ ನಾನು ಕಣ್ಣೀರಾಕಿದ್ನಲ್ಲಪ್ಪಾ!” ಎಂದಳು ಮುನಿರತ್ನಮ್ಮ.

“ನಾನೂ ಹಂಗೇ ಕಣಕ್ಕಾ” ಎಂದರು ಕಮಲಮ್ಮ.

ಮೂರ್ತಿ ತನ್ನ ಹತ್ತಿರ ಇದ್ದ ಕೋಪವನ್ನೆಲ್ಲ ಆಗಲೇ ಖರ್ಚು ಮಾಡಿಬಿಟ್ಟಿದ್ದ. ಕೊನೆಗೆ, “ಬಸ್ಸಲ್ಲಿ ಏಟು ತಿಂದೋನು ನೀನೇನಾ?” ಎಂದು ಕೇಳಿದ.

“ಅಲ್ಲ” ಎಂದಳು ಚಂದ್ರಲೇಖಾ ಒಳಗಿನಿಂದ ಬರುತ್ತಾ. “ಇವ್ರು ಆವತ್ತು ನನ್ ಬ್ಯಾಗ್ ಹಿಡ್ಕೊಂಡಿದ್ರು.”

ಈಗ ನಾಚಿಕೆಯ ನಾಟಕ ಬೇಕಾಗಿರಲಿಲ್ಲ. ಅವಳು ನೇರವಾಗಿ ಮುನಿವೆಂಕಟಪ್ಪನ ಎದುರು ಬಂದು ಕೂತಳು. “ಮಾವ, ವೇಣು ನಿಮ್ ಊಟದ ಬಗ್ಗೆ ಎಲ್ಲಾ ಹೇಳವ್ರೆ. ಸಾರು ಎದುರಿಗಿಟ್ಕೊಂಡು ನೀವು ಸುಮ್ನೆ ಕೂತ್ಕೊಳ್ಳೋ ಜನ ಅಲ್ಲ. ನಿಜ ಹೇಳಿ, ಬೆಳಿಗ್ಗೆ ಏನ್ ತಿಂದ್ರಿ?”

ಮಾವ ಎನ್ನುವ ಮಾತಿಗೆ ಮುನಿವೆಂಕಟಪ್ಪ ಕರಗಿಹೋದ. ಇಷ್ಟು ಹೊತ್ತು ಕಾಪಾಡಿಕೊಂಡಿದ್ದ ಬಿಂಕವೆಲ್ಲ ಬಿಟ್ಟು ಜೇಬಿನಿಂದ ಡಬ್ಬಿ ತೆಗೆದು ಇಟ್ಟ. “ಇದನ್ನ ಕುಡ್ದೆ ಕಣಮ್ಮಾ. ಹಸಿವು ಆಗ್ದಿರ್ಲಿ ಅಂತ. ಇಲ್ಲೂ ಮುಂಚೇನೇ ಕೈ ಹಾಕ್ಬುಟ್ರೆ ಇವನ ಗತಿ ಏನು ಅಂತ ಭಯ ಆಯ್ತು.”

ಮೂರ್ತಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. “ಇದು ಹೊಟ್ಟು! ಮುದ್ದೆ ಮೇಲೆ ಮುದ್ದೆ ಉಣ್ಣೋ ಮನುಷ್ಯ ಹಿಡಿ ಹೊಟ್ಟು ತಿಂದು ಹೊಟ್ಟೆ ತುಂಬ್ತು ಅಂದ್ರೆ ನಾವು ನಂಬ್ಬೇಕಾ? ನಮ್ ಹಸೂಗೆ ಬುಟ್ಟಿಗಟ್ಲೆ ಹಾಕ್ತೀವಿ, ಅದು ಇನ್ನೂ ಬೇಕು ಅಂತದೆ.”

“ಮಾವ, ಅನುಮಾನ ಇದ್ರೆ ಟೆಸ್ಟ್ ಮಾಡೋದು ತಾನೆ” ಎಂದು ಚಂದ್ರಲೇಖಾ ಮೂರ್ತಿಗೆ ಹೇಳಿದಳು. ಒಂದು ಲೋಟದಲ್ಲಿ ನೀರು ತಂದು ಮುನಿವೆಂಕಟಪ್ಪನ ಮುಂದಿಟ್ಟಳು. “ಎಷ್ಟು ಹಾಕ್ಕೊಂಡ್ರಿ? ಹಂಗೇ ಹಾಕಿ.”

ಮುನಿವೆಂಕಟಪ್ಪ ಬೆಳಿಗ್ಗೆ ಚೊಂಬಿಗೆ ಬಗ್ಗಿಸಿದ ಹಾಗೇ ಲೋಟಕ್ಕೂ ಬಗ್ಗಿಸಿದ. ಅವಳು ಕಲಸಿ ನೆಲದ ಮೇಲಿಟ್ಟಳು. ಎರಡೂ ಕುಟುಂಬಗಳು ಲೋಟದ ಸುತ್ತ ಬಗ್ಗಿ ಕೂತವು. ಬಡಿಸಿದ್ದ ಸಾರು ಆರುತ್ತಿತ್ತು. ಯಾರಿಗೂ ಅದರ ಪರಿವೆ ಇರಲಿಲ್ಲ. ಮೊದಲು ನೀರು ಬೆಳ್ಳಗಾಯಿತು. ಆಮೇಲೆ ದಪ್ಪವಾಯಿತು. ಆಮೇಲೆ ಉಬ್ಬಿತು. ಚಂದ್ರಲೇಖಾ ಅದರ ಮಧ್ಯೆ ಚಮಚ ನಿಲ್ಲಿಸಿದಳು. ಚಮಚ ಬೀಳಲಿಲ್ಲ. ಲೋಟವನ್ನು ತಲೆಕೆಳಗು ಮಾಡಿದಳು. ಒಂದು ಹನಿಯೂ ಸುರಿಯಲಿಲ್ಲ.

“ಅಯ್ಯಯ್ಯಪ್ಪಾ!” ಎಂದರು ಕಮಲಮ್ಮ ಎದೆಗೆ ಕೈಯಿಟ್ಟು. “ಇದು ಅಣ್ಣನ ಹೊಟ್ಟೇಲಿ ಐತಾ?”

“ಇಂಥವು ಎಷ್ಟು ಲೋಟ?” ಎಂದರು ಚಿನ್ನಪ್ಪ.

“ಲೋಟ ಅಲ್ಲ, ಚೊಂಬು” ಎಂದ ಮುನಿವೆಂಕಟಪ್ಪ ಕ್ಷೀಣ ಸ್ವರದಲ್ಲಿ. “ಆಮ್ಯಾಲೆ ಕಾಮಕಸ್ತೂರಿ. ಆಮ್ಯಾಲೆ ಸೀಬೆಹಣ್ಣು.”

ಮುನಿರತ್ನಮ್ಮ ಹಣೆ ಚಚ್ಚಿಕೊಂಡಳು. “ನಾನು ಆಣೆ ಅಂತ ನಂಬಿದ್ನಲ್ರೀ! ಬೋಂಡ ಬ್ಯಾಡ ಅಂದಾಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು.”

ಮೂರ್ತಿ ತಲೆಕೆಳಗಾದ ಲೋಟವನ್ನು ಕೈಗೆ ತೆಗೆದುಕೊಂಡು ಅಲುಗಾಡಿಸಿ ನೋಡಿದ. ಅವನ ಹುಬ್ಬಿನ ಗಂಟು ಬಿಚ್ಚಿಹೋಗಿತ್ತು. ಒಬ್ಬ ಮನುಷ್ಯ ತನ್ನ ಸೊಸೆಯ ಸಂಬಂಧ ಕೆಡಬಾರದೆಂದು ಇದನ್ನು ನುಂಗಿದ್ದಾನೆ! ಅವನಿಗೆ ಮುನಿವೆಂಕಟಪ್ಪನ ಮೇಲೆ ಭಕ್ತಿಯಂಥದ್ದೇನೋ ಹುಟ್ಟಿತು.

“ಸರಿ, ನಂಬಿದ್ವಿ” ಎಂದರು ಚಿನ್ನಪ್ಪ. ಆದರೂ ಅವರ ಕಣ್ಣು ಗಡಿಯಾರದ ಮೇಲೇ ಇತ್ತು. “ಆದ್ರೆ ಅಣ್ಣಾ, ಶಾಸ್ತ್ರ ಶಾಸ್ತ್ರಾನೇ. ಇವತ್ತು ನಿಮ್ ಕೈ ನೆನೀದೆ ನೀವು ಎದ್ದೋದ್ರೆ ಊರೋರು ಏನಂತಾರೆ? ಹೆಣ್ಣಿನ ಮನೇಲಿ ಉಣ್ಣದೆ ಹೋದ್ರು ಅಂತಾರೆ. ಕಾರಣ ಯಾರ್ ಕೇಳ್ತಾರೆ? ಅದೂ ಇಬ್ರೂ ಮುಂಚೇನೇ ಒಪ್ಕೊಂಡವ್ರೆ ಅಂತ ಗೊತ್ತಾದ್ಮ್ಯಾಲೆ ನನ್ ಮಗಳ ಮಾನ ಹೋಗ್ತದೆ. ರಾಹುಕಾಲ ಬೇರೆ ಬರ್ತಾ ಐತೆ.”

ನಾಲ್ಕೂ ಇಪ್ಪತ್ತಾಗಿತ್ತು. ಎಲ್ಲರೂ ಮುನಿವೆಂಕಟಪ್ಪನ ಹೊಟ್ಟೆಯನ್ನು ನೋಡಿದರು. ಮೂರ್ತಿ ಅವನನ್ನು ಅಂಗಳದಲ್ಲಿ ಓಡಾಡಿಸಿದ. ಕಮಲಮ್ಮ ಜೀರಿಗೆ ಕಷಾಯ ತಂದರು, ಅದು ಇನ್ನಷ್ಟು ಜಾಗ ತೆಗೆದುಕೊಂಡಿತು. ವೇಣು ಮಾತ್ರ ಅಪ್ಪನ ಎಲೆಯ ಪಕ್ಕದಲ್ಲೇ ಕೂತು, ಎಲೆಯ ಮೇಲೆ ಕೂರಲು ಬಂದ ನೊಣ ಓಡಿಸುತ್ತಿದ್ದ. ಮುನಿವೆಂಕಟಪ್ಪನಿಗೆ ಅದನ್ನು ನೋಡಲಾಗಲಿಲ್ಲ.

ಅವನು ಬಂದು ಎಲೆಯ ಮುಂದೆ ಕೂತ. “ಶಾಸ್ತ್ರದಲ್ಲಿ ಮುದ್ದೆ ಎಷ್ಟು ದಪ್ಪ ಇರ್ಬೇಕು ಅಂತ ಐತಾ?” ಎಂದು ಕೇಳಿದ.

ಚಿನ್ನಪ್ಪ ಯೋಚಿಸಿದರು. ಮೂರ್ತಿ ಯೋಚಿಸಿದ. ಅಂಥದ್ದೇನೂ ಇರಲಿಲ್ಲ.

ಚಂದ್ರಲೇಖಾ ತಾನೇ ಮುದ್ದೆಯ ತುದಿಯಿಂದ ಒಂದು ಚೂರು ಮುರಿದು ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಮಾಡಿದಳು. ಅಷ್ಟರಲ್ಲೂ ಒಂದು ಗಂಟು ಉಳಿದಿತ್ತು. ಎಲೆಗೆ ಬಿಸಿ ಸಾರು ಬಡಿಸಿದರು. ಮುನಿವೆಂಕಟಪ್ಪ ಉಂಡೆಯನ್ನು ಸಾರಿನಲ್ಲಿ ಅದ್ದಿದ. ಬೆರಳಿನಿಂದ ಮೊಣಕೈವರೆಗೆ ಸಾರು ಇಳಿಯಿತು. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಹನ್ನೆರಡು ಕಣ್ಣುಗಳು ಅವನ ಗಂಟಲನ್ನೇ ನೋಡುತ್ತಿದ್ದವು. ಗಂಟಲಿನ ಉಬ್ಬು ಮೇಲೆ ಬಂತು. ಅಲ್ಲೇ ನಿಂತಿತು. ಮುನಿರತ್ನಮ್ಮ ಮೂಗುತಿಯನ್ನು ತಿರುಚಿಯೇ ತಿರುಚಿದಳು. ಕೊನೆಗೆ ಉಂಡೆ ನಿಧಾನವಾಗಿ ಕೆಳಗಿಳಿಯಿತು.

“ಹೋಯ್ತು!” ಎಂದು ಮೂರ್ತಿ ಕೂಗಿದ.

“ಬೀಗ್ರೇ!” ಎಂದರು ಚಿನ್ನಪ್ಪ. ಇಬ್ಬರೂ ತಾಯಂದಿರು ತಬ್ಬಿಕೊಂಡು ಮತ್ತೆ ಅತ್ತರು. ಉಳಿದವರೆಲ್ಲ ಎಲೆಯ ಮೇಲೆ ಮುಗಿಬಿದ್ದರು. ಅಷ್ಟು ಹೊತ್ತು ಉಪವಾಸವಿದ್ದದ್ದು ಅವರು ತಾನೇ. ಊಟದ ಗದ್ದಲದಲ್ಲಿ ಗಡಿಯಾರ ನಾಲ್ಕೂವರೆ ದಾಟಿದ್ದನ್ನು ಯಾರೂ ಗಮನಿಸಲಿಲ್ಲ.

ರಾಹುಕಾಲದಲ್ಲಿ ಹೊರಡುವಂತಿಲ್ಲ. ಹಾಗಾಗಿ ಆರು ಗಂಟೆಯವರೆಗೆ ಹರಟೆ ನಡೆಯಿತು. ಮೂರ್ತಿ ಮುನಿವೆಂಕಟಪ್ಪನನ್ನು ಗುಲಾಬಿ ತೋಟದ ತುಂಬ ಸುತ್ತಾಡಿಸಿ, ಎದುರಾದವರಿಗೆಲ್ಲ ಲೋಟದ ಕಥೆ ಹೇಳಿದ. ಆರಾದ ಮೇಲೆ ವೀಳ್ಯ ಕೊಟ್ಟರು. ಎಲ್ಲರೂ ಕಾರಿನವರೆಗೆ ಬಂದರು. ತಳಿಯ ಸಂಜೆಯ ತಣ್ಣನೆ ಗಾಳಿ ಬೀಸಿತು. ಮುನಿವೆಂಕಟಪ್ಪ ಕಾರಿನ ಬಾಗಿಲಿಗೆ ಕೈ ಹಾಕಿದವನು ಹಾಗೇ ನಿಂತ. ಹೊಟ್ಟೆಯೊಳಗೆ ಹಳೆಯ, ಪರಿಚಿತ ಗುರುಗುಟ್ಟುವಿಕೆ ಕೇಳಿಸಿತು. ಊರಿಗೆ ಹೋಗಿದ್ದ ಸ್ವಂತದವರು ವಾಪಸು ಬಂದಷ್ಟು ಸಂತೋಷವಾಯಿತು ಅವನಿಗೆ.

“ಬೀಗ್ರೇ” ಎಂದ ಮೆಲ್ಲಗೆ. “ಆ ಅವರೆಬೇಳೆ ಸಾರು... ಉಳ್ದೈತಾ?”

ಚಿನ್ನಪ್ಪನ ಮುಖ ಅರಳಿತು. ಬೀಗರು ಬಾಯಿಬಿಟ್ಟು ಕೇಳುತ್ತಿದ್ದಾರೆ! ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಮೊದಲ ಮುದ್ದೆಗೆ ಕಮಲಮ್ಮ ಹಿಗ್ಗಿದರು. ಎರಡನೆಯದಕ್ಕೆ ಇನ್ನೂ ಹಿಗ್ಗಿದರು. ಮೂರನೆಯದು ಮುಗಿದಾಗ ಪಾತ್ರೆಯೊಳಗೆ ಇಣುಕಿದರು. ಮತ್ತೆ ಎಸರಿಡಬೇಕಾಯಿತು. ಮೂರ್ತಿ ಪಕ್ಕದ ಮನೆಗೆ ರಾಗಿಹಿಟ್ಟಿಗೆ ಓಡಿದ. ಅವನು ಬರುವಷ್ಟರಲ್ಲಿ ಅನ್ನ ಖಾಲಿಯಾಗಿತ್ತು, ಪಾಯಸದ ತಳ ಕಾಣುತ್ತಿತ್ತು. ಹೊಸೂರಿನಿಂದ ತರಿಸಿದ್ದ ಒಬ್ಬಟ್ಟುಗಳು ಒಂದರ ಹಿಂದೊಂದು ಹೋದವು. “ಅಂಗ್ಡೀದಾದ್ರೂ ಚೆನ್ನಾಗೈತೆ ಕಣಮ್ಮಾ” ಎಂದು ಮುನಿವೆಂಕಟಪ್ಪ ಸೊಸೆಯನ್ನು ಸಮಾಧಾನ ಮಾಡಿದ. ಮುನಿರತ್ನಮ್ಮ ಗಾಬರಿಯಿಂದ ಮೂಗುತಿಯನ್ನು ಮತ್ತೆ ಮತ್ತೆ ಮುಟ್ಟಿಕೊಂಡಳು. ಅದು ಉಣ್ಣಲು ಶುರುಮಾಡುವ ಸನ್ನೆ. ನಿಲ್ಲಿಸುವ ಸನ್ನೆಯನ್ನು ಅವರು ಮಾತಾಡಿಕೊಂಡೇ ಇರಲಿಲ್ಲ. ಸನ್ನೆ ಕಂಡಾಗಲೆಲ್ಲ ಮುನಿವೆಂಕಟಪ್ಪ ತಲೆಯಾಡಿಸಿ ಇನ್ನೊಂದು ಹಾಕಿಸಿಕೊಂಡ.

ಚಿನ್ನಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಲೇ ಇದ್ದರು. ಅವರ ಕಣ್ಣಿನಲ್ಲಿ ಛತ್ರ, ಅಡುಗೆಭಟ್ಟರು, ಹುಡುಗನ ಕಡೆಯ ಪಂಕ್ತಿ ಎಲ್ಲ ಸಾಲಾಗಿ ಹಾದುಹೋದವು. ಆಮೇಲೆ ಸದ್ದಿಲ್ಲದೆ ನಡೆದು ಹೋಗಿ, ನೆಲದ ಮೇಲೆ ಬಿದ್ದಿದ್ದ ಇಸಬ್‌ಗೋಲ್ ಡಬ್ಬಿಯನ್ನು ಎತ್ತಿಕೊಂಡರು. ಅಲುಗಾಡಿಸಿ ನೋಡಿದರು. ಇನ್ನೂ ಸ್ವಲ್ಪ ಉಳಿದಿತ್ತು.

“ಕಮಲಾ” ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದರು. “ಇದನ್ನ ದೇವ್ರ ಗೂಡಲ್ಲಿ ಮಡಗು. ಮದ್ವೆ ದಿನ ಬೆಳಿಗ್ಗೆ ಬೀಗ್ರಿಗೆ ನಾನೇ ನನ್ ಕೈಯಾರೆ ಕಲ್ಸಿ ಕೊಡ್ತೀನಿ.”